ನಂದ್ಯಾವ ಹೊಲಿಗೆ

ತಲೆಗೆ ನೂರೈವತ್ತು, ವರ್ಷಕ್ಕೊಂದು ಸಲ.
ಸಂಘದ ರಸೀತಿ ಪುಸ್ತಕ ಹಿಡಿದು
ಮಳವಳ್ಳಿ ಬಸ್ಸು ತಿರುಗುವ ಕಡೆಯಿಂದ ಶುರು ಮಾಡುತ್ತೇನೆ.
ಮೂರನೇ ಮನೆ ಕೆಂಪಾಜಮ್ಮನದು.
ಹುಣಸೆಹಣ್ಣು ಕುಟ್ಟುತ್ತಿದ್ದಳು; ಕೈ ನಿಲ್ಲಿಸಲಿಲ್ಲ.

‘ಹೋದ್ವರ್ಸ ಕೊಟ್ಟಿದ್ದು ವಾಪಸ್ ಕೊಡು.
ನಮ್ಮನೇಲಿ ಯಾರ್ಗೂ ಒಂದು ಕೆಮ್ಮೂ ಬರ್ಲಿಲ್ಲ.’

ತರಬೇತಿಯಲ್ಲಿ ಕಲಿಸಿದ್ದೆಲ್ಲ ಹೇಳಿದೆ:
ಅಪಾಯ, ಹಂಚಿಕೆ, ನಿಧಿ.
ಕಲ್ಲಿನ ಮೇಲೆ ಬೀಜ ಒಂದು ಕಡೆ, ತಿರುಳು ಒಂದು ಕಡೆ.
‘ಹಂಗಾದ್ರೆ ನನ್ ದುಡ್ಡು ಎಲ್ಲೋಯ್ತು?’

ಕೆಳಗಲ ಬೀದಿ ಚಿಕ್ಕತಾಯಿಯ ಆಪರೇಷನ್ನಿಗೆ, ಎಂದುಬಿಟ್ಟೆ.
ಹೇಳಬಾರದಿತ್ತು.
‘ನಡಿ, ತೋರ್ಸು.’

ಇಪ್ಪತ್ತೆಂಟು ವರ್ಷ ಈ ಊರ ಸೊಸೆ,
ಆ ಬೀದಿಯ ಮೋರಿ ದಾಟಿದ್ದು ಅವತ್ತೇ.
ಚಿಕ್ಕತಾಯಿ ಬಾಗಿಲಲ್ಲೇ ನಿಂತಳು,
ಒಳಗೆ ಕರೆಯುವುದೋ ಬೇಡವೋ ತಿಳಿಯದೆ.
ಇವಳೇ ನುಗ್ಗಿದಳು.

ಸೆರಗು ಸರಿಸಿ, ನೆರಿಗೆ ಬೆರಳಷ್ಟು ಇಳಿಸಿ ತೋರಿಸಿದಳು.
ಕೆಂಪಾಜಮ್ಮ ಬಗ್ಗಿ, ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ,
ಮಿಲ್ಲಿನವನು ಹೊಲಿದ ಚೀಲದ ಬಾಯಿ ನೋಡುವಂತೆ
ಗುರುತು ಎಣಿಸಿದಳು. ಹನ್ನೊಂದು.
‘ಇದ್ರಲ್ಲಿ ನಂದ್ಯಾವ್ದು?’

ಚಿಕ್ಕತಾಯಿ ನಕ್ಕಳು,
ಹಳೇ ಅಭ್ಯಾಸಕ್ಕೆ ಹೊಟ್ಟೆ ಹಿಡಿದುಕೊಂಡು.
‘ಈ ಕಡೇದು ಕಣಕ್ಕ.
ಮೋಡ ಕಟ್ಟಿದ್ರೆ ಇದೊಂದೇ ಕಡೀತದೆ.’

‘ಕಡೀಲಿ ಬುಡು’ ಎಂದಳು.
ಆಮೇಲೆ ಬೆರಳು ತಂದು
ಅದೊಂದರ ಮೇಲೆ ಇಟ್ಟಳು.

ವಾಪಸ್ ಬರುವಾಗ ಮೋರಿಯ ತನಕ ಮಾತಿಲ್ಲ.
ಸೊಂಟದ ಚೀಲ ಬಿಚ್ಚಿ ನಾಲ್ಕು ತಲೆಯ ದುಡ್ಡು ಎಣಿಸಿದಳು,
ಹುಣಸೆ ಜಿಗುಟಿಗೆ ನೋಟು ನೋಟಿಗೆ ಅಂಟಿಕೊಂಡಿತ್ತು.
‘ಮುಂದಿನ್ವರ್ಸ ಬಂದಾಗ
ಯಾರ್ ಮೈಯಲ್ಲದೆ ಅಂತ ಹೇಳ್ಬೇಕು ನೀನು.’

ಹೇಳಬಾರದೆಂದು ನಿಯಮವಿದೆ.
ರಸೀತಿ ಹರಿದು ಕೊಟ್ಟೆ.