ಎಡ ಹಿಂಗಾಲು

ವೈಕಾಟೊ ಬಯಲಿನಲ್ಲಿ, ಹಾಲಿನ ಡೈರಿಗೂ
ಲಾಳ ಹೊಡೆಯುವವನ ಕುಲುಮೆಗೂ ನಡುವೆ
ಒಂದೂವರೆ ಕೋಣೆ.
ಅರ್ಧದಲ್ಲಿ ಹಳೆಯ ಸಂಚಿಕೆಗಳು,
ಉಳಿದದ್ದರಲ್ಲಿ ಮೊಯ್ರಾ ಟಿಪ್ಪೆಟ್,
ಕೆಂಪು ಪೆನ್ಸಿಲು, ಕೆಟಲ್ಲು, ಕಿವುಡು ನಾಯಿ.

ಹದಿನೇಳಕ್ಕೆ ಸೇರಿದ್ದು ಅಂಚೆಚೀಟಿ ಅಂಟಿಸಲು.
ಹತ್ತೊಂಬತ್ತಕ್ಕೆ ಬಿಡಿ ಜಾಹೀರಾತು:
‘ಮಾರಾಟಕ್ಕಿದೆ. ಸಾಧು ಹೆಣ್ಣುಕುದುರೆ. ಮಕ್ಕಳೂ ಹತ್ತಬಹುದು.’
ಫೋನೆತ್ತಿ ಕೇಳುತ್ತಿದ್ದಳು:
ಸಾಧು ಅಂದರೆ ಎಷ್ಟು ಸಾಧು?
ಕಡೆಯ ಸಲ ಕೆಡವಿದ್ದು ಯಾರನ್ನು?
ಆ ಕಡೆ ಸದ್ದಿಲ್ಲ.
ಅಚ್ಚಾಗಿ ಬಂದದ್ದು:
‘ಹೆಣ್ಣುಕುದುರೆ. ಪಳಗಿದವರಿಗೆ ಮಾತ್ರ.’

ಇಪ್ಪತ್ತಮೂರರಲ್ಲಿ ಆ ತಪ್ಪು.
ಮುಖಪುಟದ ನೆಗೆಟಿವ್ ಮಗುಚಿ ಇಟ್ಟಳು,
ಕುದುರೆ ಎಡಕ್ಕೆ ತಿರುಗಿದ್ದರೆ ಚೆಂದವೆಂದು,
ಪತ್ರಿಕೆಯ ಹೆಸರಿಗೆ ಜಾಗ ಸಿಗುತ್ತದೆಂದು.
ನಾಲ್ಕು ಸಾವಿರ ಪ್ರತಿ.
ಬಿಳಿಯ ಕಾಲುಚೀಲ ಬಲ ಹಿಂಗಾಲು ಬಿಟ್ಟು
ಎಡಕ್ಕೆ ದಾಟಿ ನಿಂತಿತ್ತು.

ಅಚ್ಚಾಗುವ ವಾರವೇ ಆ ಕುದುರೆ
ಹೊಟ್ಟೆನೋವು ಬಂದು ಒಂದೇ ರಾತ್ರಿಯಲ್ಲಿ ಹೋಗಿತ್ತು.
ಅದು ಅವಳಿಗೆ ಗೊತ್ತಿರಲಿಲ್ಲ.
ರೇವಿ ಹೆಟರಾಕಾ ಬಂದ. ಬೈಯಲಿಲ್ಲ.
ಪತ್ರಿಕೆಯ ಹೊದಿಕೆಯನ್ನು ಬಿಡಿಸಿ
ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದ.
‘ಹೀಗೆ ನೋಡಿದರೆ ಅವನೇ’ ಅಂದ.
‘ಮೈಮೇಲೆ ಜಂತುಹುಳದ ಔಷಧಿಯ
ಜಾಹೀರಾತು ಬರುತ್ತೆ, ಅಷ್ಟೆ.’

ಆಮೇಲೆ ಎರಡು ಚಳಿಗಾಲ
ಬೆಳಗಿನ ಐದಕ್ಕೆ ಅವಳು ರೇವಿಯ ಲಾಯದಲ್ಲಿ.
ಅವನು ಕರೆದಿರಲಿಲ್ಲ, ಬೇಡ ಅನ್ನಲೂ ಇಲ್ಲ.
ಲದ್ದಿ ಬಾಚುತ್ತ ಕಲಿತಳು:
ಕೆಂಚು ಬೇರೆ, ಕಂದು ಬೇರೆ.
ಬೂದು ಕುದುರೆ ಹುಟ್ಟುವಾಗ ಬೂದಲ್ಲ,
ಅದಕ್ಕೆ ವರ್ಷಗಳು ಬೇಕು.
ಸುಮ್ಮನೆ ನಿಂತ ಕುದುರೆ
ಒಂದು ಹಿಂಗಾಲನ್ನು ಸ್ವಲ್ಪ ಮಡಿಸಿ ವಿರಮಿಸುತ್ತದೆ.
ವಾಕ್ಯದಲ್ಲಿ ಅಲ್ಪವಿರಾಮ ಹಾಕಬೇಕಾದದ್ದೂ
ಅಂಥಲ್ಲಿಯೇ ಎಂದು
ಯಾವ ಕಾಲೇಜಿನಲ್ಲಿಯೂ ಓದದೆ.

ಒಂದು ಸೋಮವಾರ ಹಳೆಯ ಸಂಪಾದಕ ಕೀಲರ್ ಬರಲಿಲ್ಲ.
ಮಂಗಳವಾರವೂ.
ಅಚ್ಚಿನವನು ಫೋನಿನಲ್ಲಿ ರೇಗಿದ:
‘ಅಲ್ಲಿ ಸಂಪಾದಕರು ಅಂತ ಯಾರಿದ್ದೀರಿ?’
‘ನಾನೇ ಇರಬೇಕು’ ಅಂದಳು.
ವೃತ್ತಿಯಲ್ಲಿ ಮೇಲೇರುವುದು ಅನ್ನುತ್ತಾರಲ್ಲ,
ಅವಳು ಏರಿದ್ದು ಇಷ್ಟೇ:
ಕಿಟಕಿಯ ಪಕ್ಕದ ಕುರ್ಚಿಗೆ.

ಅಲ್ಲಿಂದ ನಲವತ್ತು ಆಗಸ್ಟು ಒಂದನೆ ತಾರೀಕು.
ಆ ಸೀಮೆಯ ಜೂಜುಕುದುರೆಗಳಿಗೆಲ್ಲ ಅಂದೇ
ಒಟ್ಟಿಗೇ ಒಂದು ವರ್ಷ ಹೆಚ್ಚುತ್ತದೆ.
ಬೀಜದ ಕುದುರೆಗಳ ವಿಶೇಷಾಂಕ ದಪ್ಪಗೆ ಬಂದು
ವರ್ಷದ ಬಾಡಿಗೆ ತೀರುತ್ತದೆ.
ಉಳಿದ ಹನ್ನೊಂದು ಸಂಚಿಕೆ ಸಾಲದಲ್ಲಿ
ಪೋನಿ ಕ್ಲಬ್ಬಿನ ಹುಡುಗಿಯರಿಗೆ, ಮುದಿ ಸವಾರರಿಗೆ,
ಸತ್ತ ಕುದುರೆಗೆ ನಾಲ್ಕು ಸಾಲು ಬರೆದು ಕಳಿಸುವವರಿಗೆ.
ಆ ನಾಲ್ಕು ಸಾಲಿಗೆ ಅವಳು ಹಣ ಕೇಳಿದ್ದಿಲ್ಲ.
ಕಾಗುಣಿತ ತಿದ್ದುತ್ತಾಳೆ, ಅಳುವನ್ನು ಮುಟ್ಟುವುದಿಲ್ಲ.

ಒಮ್ಮೆ ಹೇಳಿದೆ ಅವಳಿಗೆ:
ಲೋಕದಲ್ಲಿ ಕುದುರೆಗೆ ಕೊಂಬಿಲ್ಲ,
ನಮ್ಮ ಲಿಪಿಯಲ್ಲಿ ಬರೆದರೆ ಮಾತ್ರ ಎರಡು ಕೊಂಬು.
ನಗಲಿಲ್ಲ.
‘ಗೊತ್ತಿದ್ದೂ ತಿದ್ದಿಲ್ಲವೆ ಇನ್ನೂ?’ ಅಂದಳು.

ಈಗ ಮಿರಿಯಮಾ ಬಂದಿದ್ದಾಳೆ, ಹದಿನೆಂಟು,
ಕೆಲಸ ಕೇಳಿಕೊಂಡು,
ಕಂಪ್ಯೂಟರಿನಲ್ಲಿ ಪುಟ ಕಟ್ಟಬಲ್ಲೆನೆಂದು.
ಮೊಯ್ರಾ ಒಂದು ಫೋಟೋ ಸರಿಸಿದಳು.
ಎದುರಿನಿಂದ ತೆಗೆದದ್ದು; ಕುದುರೆ ನಮ್ಮನ್ನೇ ನೋಡುತ್ತಿದೆ.
‘ಬಿಳಿ ಯಾವ ಕಾಲಿಗೆ?’
‘ಬಲ’ ಅಂದಿತು ಹುಡುಗಿ ಥಟ್ಟನೆ.
ಪೆನ್ಸಿಲು ನಿಂತಿತು.
ಡೈರಿಯ ಲಾರಿಯೊಂದು ಕಿಟಕಿ ನಡುಗಿಸಿ ಹೋಯಿತು.
‘ತಾಳಿ... ನನ್ನ ಬಲವೋ,
ಕುದುರೆಯ ಬಲವೋ?’

ಮೊಯ್ರಾ ಎದ್ದು ಕೆಟಲ್ ತುಂಬಿದಳು,
ಎರಡು ಕಪ್ಪಿಗಾಗುವಷ್ಟು.