ಮೂರನೆಯ ನೀರು

ನಾಲ್ಕು ಬಾಟಲಿ ತಂದಿದ್ದೀಯ, ಟ್ರೆವಾನ್.
ಕಟ್ಟೆಯ ಮೇಲೆ ಇಡು, ಮುಚ್ಚಳ ತೆಗಿ.
ಅದರ ಮೇಲಿನ ಅಕ್ಷರ ನನಗೆ ಇರುವೆ ಸಾಲು;
ಮೂಗು ಮಾತ್ರ ಇನ್ನೂ ನೆಟ್ಟಗಿದೆ.

ಇದು ತೆಂಗು ಅನ್ನುತ್ತದೆ. ತೆಂಗಿನ ಮರ
ಇದನ್ನು ಕಂಡರೆ ಗುರುತು ಹಿಡಿಯದು.
ಇದು ಗಟ್ಟಿ, ನುಣ್ಣಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಮಗನೇ,
ಜಡೆಯ ಹೊಟ್ಟೆಯೊಳಗೆ ಹೊಕ್ಕು ಕೂತರೆ
ಎಬ್ಬಿಸಲು ಆರು ತಿಂಗಳು ಬೇಕು.
ಇದು ಮೇಣ. ಮೇಣದ ಮಾತೇ ಬೇಡ,
ಮೇಣ ಹಚ್ಚಿದ ಜಡೆಗೆ
ನೂಲು, ನೊಣ, ಬೂದಿ, ಎಲ್ಲರೂ ನೆಂಟರು.

ನಾಲ್ಕನೆಯದು…
ಪರವಾಗಿಲ್ಲ. ತೆಳು. ಬಣ್ಣವಿಲ್ಲ.
ಹಚ್ಚಿ ತೊಳೆದರೆ ಬೆರಳು ಕಿರ್ ಅನ್ನುತ್ತದೆ.
ಅನ್ನಬೇಕು. ಬಂದು, ಕೆಲಸ ಮುಗಿಸಿ,
ಏನೂ ಬಿಟ್ಟುಹೋಗದ್ದು ಒಳ್ಳೆಯ ಸಾಬೂನು.
ಎಷ್ಟು ಕೊಟ್ಟೆ? ಬೇಡ, ಹೇಳಬೇಡ.

ಕೂತುಕೋ. ತಲೆ ಹಿಂದಕ್ಕೆ.
ಮ್ಯಾಂಡೆವಿಲ್ ಗುಡ್ಡದ ಮೇಲೆ ನಮಗೆ ನದಿಯಿಲ್ಲ,
ಸೂರಿನಿಂದ ತೊಟ್ಟಿಗಿಳಿದದ್ದೇ ನದಿ.
ಮೆದು ನೀರು, ಒಂದು ಹನಿಗೇ ನೊರೆ ಏಳುತ್ತದೆ.

ನಮ್ಮ ಕಾಲಕ್ಕೆ ಬಾಟಲಿ ಎಲ್ಲಿತ್ತು?
ಪಾಪಾಸುಕಳ್ಳಿಯ ಹಲಗೆ ಕಡಿದು, ಮುಳ್ಳು ಸುಟ್ಟು,
ಜಜ್ಜಿ, ಹಳೆ ಪಂಚೆಯಲ್ಲಿ ಹಿಂಡಿದರೆ ಲೋಳೆ.
ಎಳೆ ಅಕೀ ಕಾಯಿ ಕುಟ್ಟಿದರೆ ನೊರೆ.
ಆ ನೊರೆ ಕಣ್ಣಿಗೆ ಬಿದ್ದಾಗ
ನನ್ನಣ್ಣ ಲಿನ್‌ವಲ್ ಬೈಯುತ್ತಿದ್ದ ಮಾತು
ಬೈಬಲ್ಲಿನ ಯಾವ ಪುಟದಲ್ಲೂ ಇಲ್ಲ.

ಲಿನ್‌ವಲ್ ಬಾಕ್ಸೈಟ್ ಗಣಿಯಲ್ಲಿದ್ದ. ಹತ್ತೊಂಬತ್ತು ವರ್ಷ.
ಶುಕ್ರವಾರ ಸಂಜೆ, ಇದೇ ಕಟ್ಟೆ, ಇದೇ ತಗಡಿನ ಚೊಂಬು.
ಮೊದಲ ನೀರು ಕೆಂಪು.
ಎರಡನೆಯದು ಕೆಂಪು.
ಮೂರನೆಯ ನೀರು ತಿಳಿಯಾಗಬೇಕು, ಅದು ಲೆಕ್ಕ;
ಅವನದು ಒಮ್ಮೆಯೂ ಆಗಲಿಲ್ಲ.
ಕಳ್ಳಿ ಬಿಟ್ಟೆ, ವಿನೆಗರ್ ಸುರಿದೆ, ಅಡುಗೆ ಸೋಡ ಹಾಕಿದೆ,
ನೆತ್ತಿಯ ಚರ್ಮ ಒಡೆದು ಹೊಪ್ಪಳೆ ಎದ್ದಿತು.
‘ಸಾಬೂನನ್ನು ಯಾಕೆ ಬೈಯುತ್ತೀ ಹೆಪ್ಸಿ,
ಸೋಮವಾರ ಮತ್ತೆ ಅಲ್ಲೇ ಇಳಿಯುತ್ತೇನಲ್ಲ’ ಅಂದ.

ಅವನು ಹೋದ ದಿನ ನಾನೇ ತೊಳೆದೆ. ಬರೀ ನೀರು.
ಬುಡದಿಂದ ಹಿಂಡುತ್ತ ಹಿಂಡುತ್ತ
ಸೊಂಟದ ಕೆಳಗಿನ ಗೇಣುದ್ದಕ್ಕೆ ಬಂದೆ.
ಅಂಗೈ ನಸುಗೆಂಪಾಯಿತು.
ಗಣಿ ಮುಚ್ಚಿ ಆಗಲೇ ಹನ್ನೆರಡು ವರ್ಷವಾಗಿತ್ತು.

ಬಿಡು. ನಿನ್ನದು ಹೇಳು.
ಮ್ಯಾನೇಜರ್ ವಾಸನೆ ಅಂದನೇ? ಎಲ್ಲರ ಮುಂದೆ?
ತೊಳೆ, ಇಲ್ಲವೇ ಕತ್ತರಿಸು ಅಂದನೇ?
ಅವನಾದರೂ ಬಾಯಲ್ಲಿ ಹೇಳಿದ.
ನನ್ನಪ್ಪನಿಗೆ ಠಾಣೆಯಲ್ಲಿ ಹೇಳುವ ಮೊದಲೇ
ಕತ್ತರಿ ಆಡಿತ್ತು;
ಮನೆಗೆ ಬಂದವನನ್ನು ನಾಯಿ ಬೊಗಳಿತು.

ತಾಳು, ಮೂಸುತ್ತೇನೆ.
ಬುಡ ಚೊಕ್ಕ. ತುದಿ ಚೊಕ್ಕ. ನಡುವೆ…
ಹ್ಞೂಂ. ಮುಗ್ಗಲು. ಮಡಿಸಿಟ್ಟ ಒದ್ದೆ ಬಟ್ಟೆಯದು.
ಎಷ್ಟಕ್ಕೆ ಮೀಯುತ್ತೀ? ಐದಕ್ಕೆ.
ಟೊಪ್ಪಿ ಹಾಕುವುದು? ಆರಕ್ಕೆ.
ಅವರೇ ಕೊಟ್ಟದ್ದು? ಕಪ್ಪನೆಯದು,
ಒಳಗೆ ಪ್ಲಾಸ್ಟಿಕ್, ಬಿಗಿ ಎಲಾಸ್ಟಿಕ್,
ಹಣೆಯ ಮೇಲೆ ಹೋಟೆಲಿನ ಹೆಸರು ಹೊಲಿದದ್ದು?
ಹತ್ತು ತಾಸು?

ಮತ್ತೆ ಈ ವಾಸನೆ ಯಾರದು, ಟ್ರೆವಾನ್?
ನಗಬೇಡ, ಕಿವಿಗೆ ನೀರು ಹೋಗುತ್ತದೆ.

ಉಜ್ಜಬೇಡ, ಒತ್ತು. ಉಜ್ಜಿದರೆ ಎಳೆ ಬಿಚ್ಚುತ್ತದೆ.
ನೊರೆಯನ್ನು ಹೀಗೆ, ಹಿಟ್ಟು ನಾದಿದ ಹಾಗೆ.
ಒಂದು ನೀರು. ಎರಡು.
ನೋಡು, ಚೊಂಬಿನ ತಳದ ಗೀರು ಕಾಣುತ್ತಿದೆ.

ಉಳಿದ ಮೂರು ಬಾಟಲಿ ಇಲ್ಲೇ ಇರಲಿ,
ಮೇಕೆಗೆ ಹೇನಾಗಿದೆ, ಅದಕ್ಕೆ ಜಡೆಯ ಚಿಂತೆಯಿಲ್ಲ.

ಈಗ ಆ ಬಂಡೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರು.
ಮೊಂಟೆಗೊ ಬೇ ಬಸ್ಸು ಮೂರಕ್ಕೆ.
ನಿನ್ನ ಜಡೆ ಒಳಗಿನ ತನಕ ಒಣಗುವುದು ನಾಲ್ಕೂವರೆಗೆ.
ಟೊಪ್ಪಿ ಚೀಲದಲ್ಲಿದೆಯಲ್ಲ?
ನಾನು ಹೇಳುವುದು ಹೇಳಿದೆ.
ಚಹಾ ಇಡಲೋ, ಬೇಡವೋ?