ಹಲ್ ಊರಿನಲ್ಲಿ ಒಂದು ಒಡಪು

ಗಂಡನ ಹೆಸರನ್ನು ಬರಿದೇ ಹೇಳಬಾರದು ಎನ್ನುತ್ತಿದ್ದಳು ಅವ್ವ,
ಹೇಳಲೇಬೇಕಾದರೆ ಒಡಪು ಕಟ್ಟು,
ಹಲ್ಲಿಗೆ ಸಿಗದಂತೆ ಬೆಲ್ಲದೊಳಗಿಟ್ಟು ಹೇಳು.
ಇಲ್ಲಿ, ಹಲ್ ಊರಿನ ಆಸ್ಪತ್ರೆಯ ಗಾಜಿನಾಚೆ
ಹುಡುಗಿ ಕೇಳುತ್ತಾಳೆ: ಹೆಸರು, ಹುಟ್ಟಿದ ತಾರೀಖು.
ಗದಿಗೆಪ್ಪ. ಹದಿನಾಲ್ಕು, ಆರು, ಐವತ್ತೆಂಟು.
ಒಂದೂವರೆ ವರ್ಷದಲ್ಲಿ ಎಷ್ಟು ಸಲ ಹೇಳಿದೆನೋ,
ಪ್ರಾಸವಿಲ್ಲದೆ ಸವೆದು ಹೋಗಿದೆ ಹೆಸರು.

ಅವರ ನೋವು ಎಲುಬಿನೊಳಗಿನದು.
ಅದಕ್ಕೊಂದು ಫೈಲಿದೆ, ಮಂಗಳವಾರ ಮನೆಗೆ ಬರುವ ನರ್ಸಿದ್ದಾಳೆ,
ಫ್ರಿಜ್ಜಿನ ಮೇಲೆ ಕಂದು ಬಾಟಲಿಯಲ್ಲಿ ಮಾರ್ಫಿನ್ ಇದೆ:
ನಾಲ್ಕು ತಾಸಿಗೊಮ್ಮೆ ಐದು ಎಂ.ಎಲ್.

ನನ್ನದು ಸೊಂಟದ್ದು, ಹಳೆಯದು.
ವೃದ್ಧಾಶ್ರಮದಲ್ಲಿ ಮಿಸ್ಟರ್ ಡಗ್ಲಸ್ ಜಾರಿದಾಗ
ಇಬ್ಬರು ಎತ್ತಬೇಕಾದವರನ್ನು ಒಬ್ಬಳೇ ಎತ್ತಿದೆ.
ಎರಡು ವಾರಕ್ಕೆಂದು ಬರೆದುಕೊಟ್ಟ ಬಿಳಿ ಗುಳಿಗೆ
ಹಬ್ಬಕ್ಕೆ ಬಂದ ಬೀಗರಂತೆ
ಏಳು ವರ್ಷ ಉಳಿಯಿತು.
ನೋವು ಯಾವಾಗಲೋ ಎದ್ದು ಹೋಗಿತ್ತು,
ಬೀಗರು ಏಳಲಿಲ್ಲ.

ಈಗ ಪಂದ್ರಾ ದಿನಕ್ಕೊಮ್ಮೆ ಒಂದು ಚೂರು ಕಡಿಮೆ.
ಡಾಕ್ಟರನ್ನು ಬಿಟ್ಟರೆ ಗೊತ್ತಿರುವುದು
ಹೋಲ್ಡರ್‌ನೆಸ್ ರಸ್ತೆಯ ಔಷಧಿ ಅಂಗಡಿಯ ನಸ್ರೀನಳಿಗೆ.
ಮೈ ತನ್ನ ಪಾಲು ಕೇಳುತ್ತದೆ.
ಆಕಳಿಕೆ, ಆಕಳಿಕೆಯ ಬೆನ್ನಿಗೆ ಏಳು ಸೀನು,
ಹೊದ್ದರೆ ಬೆವರು, ತೆಗೆದರೆ ತೋಳ ತುಂಬ ಮುಳ್ಳು,
ಮೊಣಕಾಲಿನೊಳಗೆ ಯಾರೋ ರಾತ್ರಿಯಿಡೀ
ಹೊಲಿಗೆ ಮಷಿನ್ನು ತುಳಿಯುತ್ತಾರೆ.
ಅವರನ್ನು ಕಮೋಡಿನ ಮೇಲೆ ಕೂರಿಸಿ
ನನ್ನ ಹೊಟ್ಟೆ ಹಿಡಿದುಕೊಂಡು ಮಹಡಿಗೆ ಓಡುತ್ತೇನೆ,
ನಡುವೆ ಹದಿಮೂರು ಮೆಟ್ಟಿಲು.
‘ನೆಗಡಿ’ ಎನ್ನುತ್ತೇನೆ ಇಳಿದು ಬಂದು.
ಆರು ವಾರದ ನೆಗಡಿ.

ನಿನ್ನೆ ರಾತ್ರಿ ಎರಡಕ್ಕೆ ಸಿರಿಂಜಿಗೆ ಎಳೆಯುವಾಗ
ಒಂದು ಹನಿ ಹೆಬ್ಬೆರಳಿಗೆ ಬಿತ್ತು.
ಒಂದೇ ಹನಿ. ಸಿಹಿ ವಾಸನೆ.
ಊರೆಲ್ಲ ಮಲಗಿತ್ತು. ಅತ್ತ ಹಂಬರ್ ನದಿ
ಸಮುದ್ರ ನೂಕಿದಷ್ಟು ದೂರ
ಹಿಂದಕ್ಕೆ ಹರಿಯುತ್ತಿತ್ತೇನೋ ಆ ಹೊತ್ತು.
ಬಾಯಿಗೂ ಬೆರಳಿಗೂ ಗೇಣು ದೂರ.
ಎಷ್ಟು ಹೊತ್ತು ನಿಂತೆನೋ. ನಲ್ಲಿ ಬಿಟ್ಟೆ,
ಬಿಸಿನೀರು ಬರುವ ತನಕ, ಬಂದು ಸುಡುವ ತನಕ.

ತಿರುಗಿದರೆ ಅವರಿಗೆ ಎಚ್ಚರ.
‘ಒಡಪು ಹಾಕ್ಲೇನು?’ ಅಂದರು.
ಮದುವೆಯ ದಿನ ಬಾಯಿ ಬಿಡದ ಮನುಷ್ಯ,
ಗೆಳೆಯರು ಪೀಡಿಸಿದರೂ ಬರೀ ನಕ್ಕವರು:

‘ನೆಗಡಿ ಅಂದ್ರ ನೆಗಡಿ ಅಲ್ಲ, ರಾತ್ರಿ ಅಂದ್ರ ನಿದ್ದಿ ಇಲ್ಲ,
ನಮ್ಮ ಗುರುದೇವಿ ಹೇಳೂ ಸುಳ್ಳು ನಮಗ ಪಚನ ಆಗೂದಿಲ್ಲ.’

ಕ್ಯಾರವಾನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ಕೈ
ಹಾಸಿಗೆಯಂಚನ್ನು ತಟ್ಟಿತು. ಕೂತೆ.
ಕುಣಿಯುತ್ತಿದ್ದ ನನ್ನ ಕಾಲಿನ ಮೇಲೆ
ತಮ್ಮ ಕಾಲನ್ನು ಮೆಲ್ಲಗೆ, ಹಲ್ಲು ಕಚ್ಚಿ, ಸರಿಸಿ ಇಟ್ಟರು,
ಹಾರುವ ಕಾಗದದ ಮೇಲೆ ಕಲ್ಲಿಟ್ಟ ಹಾಗೆ.
ಕಲ್ಲಿಗೆ ಭಾರವೇ ಇರಲಿಲ್ಲ.

ಯಾವಾಗಿನಿಂದ ಗೊತ್ತು? ನಾನು ಕೇಳಲಿಲ್ಲ.
‘ಬಾಟ್ಲಿ ಇನ್ನ ನನ್ನ ತಲಿದಿಂಬಿನ ಕಡೆ ಇಡು.
ನಿನ್ನ ಮ್ಯಾಲ ಸಂಶೇ ಅಂತಲ್ಲ.’
ಸಂಶಯವೂ ಇದ್ದೀತು. ಇರಲಿ.
ನನಗೂ ಇದೆ.

ತಿರುಗಿ ಒಡಪು ಹೇಳುವ ಸರದಿ ನನ್ನದು,
ಗದಿಗೆಪ್ಪನಿಗೆ ಇನ್ನೂ ಪ್ರಾಸ ಸಿಕ್ಕಿಲ್ಲ.
ಬೆಳಿಗ್ಗೆ ಆರಕ್ಕೆ
ಸಿರಿಂಜನ್ನು ಕಿಟಕಿಯ ಬೂದು ಬೆಳಕಿಗೆ ಹಿಡಿದೆ.
ಅವರು ತಡಕಾಡಿ ಕನ್ನಡಕ ಹಾಕಿಕೊಂಡರು.
‘ಐದು’ ಅಂದೆ.
‘ನಾಕೂ ಮುಕ್ಕಾಲು’ ಅಂದರು.
ಮತ್ತೊಮ್ಮೆ ಎಳೆದೆ.